ಉಂಗುರ ಬಿಗಿಯಾದರೆ ರಕ್ತ ಪರೀಕ್ಷೆ ಮಾಡಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈ ತೂಕ ಏರಿಲ್ಲ, ಆದರೂ ಉಂಗುರ ಬೆರಳಿಗೆ ಕಚ್ಚಿಕೊಂಡಿದೆ. ಕಾಲುಂಗುರ ತೆಗೆಯಲು ಬಾರದೆ ಅಕ್ಕಸಾಲಿಗರ ಹತ್ತಿರ ಕತ್ತರಿಸಿಕೊಂಡು ಬರುತ್ತೀರಿ. ಏಳನೇ ನಂಬರಿನ ಚಪ್ಪಲಿ ಮೆಟ್ಟುತ್ತಿದ್ದವರಿಗೆ ಈಗ ಒಂಬತ್ತು ಬೇಕು. ದಯವಿಟ್ಟು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ. ವಯಸ್ಸಾದರೆ ಪಾದ ಎರಡು ನಂಬರು ಬೆಳೆಯುವುದಿಲ್ಲ. ಬೆಳೆಸುವುದು ಹಾರ್ಮೋನು.

ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿಯಿದೆ. ಅಪರೂಪಕ್ಕೆ ಅದರಲ್ಲೊಂದು ಗಡ್ಡೆ ಹುಟ್ಟಿ, ಬೆಳವಣಿಗೆಯ ಹಾರ್ಮೋನನ್ನು ಹಗಲೂ ರಾತ್ರಿ ಸುರಿಸುತ್ತದೆ. ಇದು ಕ್ಯಾನ್ಸರ್ ಅಲ್ಲ. ಮೈ ಕೆಡಿಸುವುದು ಹಾರ್ಮೋನು. ದೊಡ್ಡವರಿಗೆ ಕೈಕಾಲು, ಮೂಗು, ದವಡೆ ದಪ್ಪವಾಗುತ್ತವೆ. ಇದೇ ಆಕ್ರೊಮೆಗಲಿ. ಮಕ್ಕಳಿಗಾದರೆ ಎತ್ತರ ನಿಲ್ಲುವುದೇ ಇಲ್ಲ.

ಐರ್ಲೆಂಡಿನ ಚಾರ್ಲ್ಸ್ ಬೈರ್ನ್ ಅಂಥ ಹುಡುಗ. ಎತ್ತರ ಏಳೂವರೆ ಅಡಿಗೂ ಮಿಕ್ಕು. ಲಂಡನ್ನಿನಲ್ಲಿ ಜನ ಕಾಸು ಕೊಟ್ಟು ಅವನನ್ನು ನೋಡುತ್ತಿದ್ದರು. ಸತ್ತರೆ ವೈದ್ಯರು ಕೊಯ್ಯುತ್ತಾರೆ ಎಂಬ ಭಯ ಅವನಿಗೆ. ‘ನನ್ನನ್ನು ಕಡಲಿಗೆ ಹಾಕಿ’ ಎಂದು ಗೆಳೆಯರಲ್ಲಿ ಕೇಳಿಕೊಂಡಿದ್ದ. 1783ರಲ್ಲಿ, ಇಪ್ಪತ್ತೆರಡಕ್ಕೇ ತೀರಿಕೊಂಡ. ಶಸ್ತ್ರವೈದ್ಯ ಜಾನ್ ಹಂಟರ್ ಹಣ ತೆತ್ತು ಹೆಣವನ್ನು ದಕ್ಕಿಸಿಕೊಂಡ. ಅಸ್ಥಿಪಂಜರ ಇನ್ನೂರು ವರ್ಷ ಗಾಜಿನ ಹಿಂದೆ ನಿಂತಿತು. 1909ರಲ್ಲಿ ಅಮೆರಿಕದ ಮಿದುಳು ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ತಲೆಬುರುಡೆ ತೆರೆದು ನೋಡಿದರು. ಪಿಟ್ಯುಟರಿ ಕೂರುವ ಗುಳಿ ಹಿಗ್ಗಿಹೋಗಿತ್ತು! 2011ರಲ್ಲಿ ಅವನ ಹಲ್ಲಿನ ಡಿಎನ್‌ಎಯಲ್ಲಿ ಎಐಪಿ ಎಂಬ ಜೀನಿನ ದೋಷ ಸಿಕ್ಕಿತು. ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲಿ ಅದೇ ದೋಷ ಇಂದಿಗೂ ಇದೆ. ಅವನಿಂದ ನಾವು ಇಷ್ಟೆಲ್ಲ ಕಲಿತೆವು. ಆದರೆ ಅವನು ಕೇಳಿಕೊಂಡಿದ್ದು ಕಡಲನ್ನು. ಅದನ್ನು ಇನ್ನೂ ಕೊಟ್ಟಿಲ್ಲ. 2023ರಲ್ಲಿ ಮತ್ತೆ ತೆರೆದ, ಅಸ್ಥಿಪಂಜರವಿರುವ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಅವನನ್ನು ಪ್ರದರ್ಶನದಿಂದ ತೆಗೆದಿದೆ, ಅಷ್ಟೇ.

ಸಮಯ ಮುಗಿಯುತ್ತಾ ಬಂತು, ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ಬೈರ್ನ್‌ಗೆ ಇಲ್ಲದ ಚಿಕಿತ್ಸೆ ನಿಮಗಿದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿದೆಯೇ ಎಂದು ತಿಳಿಸುವ ಐಜಿಎಫ್-1 ಎಂಬ ರಕ್ತ ಪರೀಕ್ಷೆ, ಆಮೇಲೆ ಎಂ.ಆರ್.ಐ. ಮೂಗಿನ ಮೂಲಕವೇ ಗಡ್ಡೆ ತೆಗೆಯುತ್ತಾರೆ, ತಲೆ ಸೀಳುವುದಿಲ್ಲ. ಉಳಿದರೆ ತಿಂಗಳಿಗೊಂದು ಇಂಜೆಕ್ಷನ್. ಎಷ್ಟೋ ಜನ ಇದೇ ಹಾರ್ಮೋನು ತಂದ ಬಿ.ಪಿ., ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾ ವರ್ಷಗಟ್ಟಲೆ ಕಳೆದು ಬರುತ್ತಾರೆ. ಅಷ್ಟರಲ್ಲಿ ಮೂಳೆ ಹಿಗ್ಗಿರುತ್ತದೆ, ಹಿಗ್ಗಿದ ಮೂಳೆ ಮೊದಲಿನಂತಾಗುವುದಿಲ್ಲ. ಅಕ್ಕಸಾಲಿಗರ ಅಂಗಡಿಯಿಂದ ನೇರ ವೈದ್ಯರ ಹತ್ತಿರ ಹೋಗಿ, ಮುಖ ಬದಲಾದದ್ದು ತೋರಿಸಲು ಹತ್ತು ವರ್ಷದ ಹಿಂದಿನ ಫೋಟೋ ಒಂದನ್ನು ಜೊತೆಗೆ ಒಯ್ಯಿರಿ. ನಮಸ್ಕಾರ.