ಪ್ರವೇಶದ ಕೌಂಟರಿನಲ್ಲೇ ಸರಿಯಾಗಲಿ

ಕೇಳುಗರಿಗೆ ನಮಸ್ಕಾರ. ಕಾಸರಗೋಡಿನ ಕಾಲೇಜುಗಳಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಕಲಿಯುವವರೂ ಕಲಿಸುವವರೂ ಕೇಳುತ್ತಿರಬಹುದು. ಆದರೆ ಇವತ್ತಿನ ಮಾತು ಮುಖ್ಯವಾಗಿ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವರಿಗೆ. ಹೇಳಲಿಕ್ಕಿರುವುದು ಒಂದೇ: ಮಾಹಿತಿ ಮೊದಲು ದಾಖಲಾಗುವ ಜಾಗದಲ್ಲೇ ಸರಿಯಾಗಿರಲಿ.

ಬದಿಯಡ್ಕದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಶ್ರೀಲಕ್ಷ್ಮಿ ಕೆ., ಇನಿಷಿಯಲ್ ಕೊನೆಗೆ. ಆಧಾರ್‌ನಲ್ಲಿ ಕೆ. ಶ್ರೀಲಕ್ಷ್ಮಿ ಭಟ್. ಇಂಗ್ಲಿಷಿನಲ್ಲಿ ಬರೆಯುವಾಗ ‘ಶ್ರೀ’ಗೆ ಒಂದು ಕಡೆ ಎರಡು ‘ಇ’, ಇನ್ನೊಂದು ಕಡೆ ಒಂದು ‘ಐ’. ಕೌಂಟರಿನಲ್ಲಿ ಆಧಾರ್ ನೋಡಿ ಟೈಪ್ ಮಾಡಿದರು, ಪರೀಕ್ಷಾ ವಿಭಾಗ ಎಸ್ಸೆಸ್ಸೆಲ್ಸಿ ಪುಸ್ತಕ ನೋಡಿತು, ಹಾಸ್ಟೆಲಿನವರು ಬಾಯಿಮಾತಿನಲ್ಲಿ ಕೇಳಿ ಲಕ್ಷ್ಮಿ ಭಟ್ ಎಂದು ಬರೆದುಕೊಂಡರು. ಒಬ್ಬಳು ಮೂವರಾದಳು, ಹೆಸರು ತಾಳೆಯಾಗದೆ ವಿದ್ಯಾರ್ಥಿವೇತನ ನಿಂತಿತು.

ಮುಗಿಯಲಿಲ್ಲ. ಅವಳು ಹುಟ್ಟಿದ್ದು ಜೂನ್ 5. 05/06 ಎಂದು ಹೊಡೆದರೆ ಅಮೆರಿಕದ ಕ್ರಮಕ್ಕೆ ಹೊಂದಿಸಿಟ್ಟ ಕಂಪ್ಯೂಟರ್ ಅದನ್ನು ಮೇ 6 ಮಾಡುತ್ತದೆ, ಸದ್ದಿಲ್ಲದೆ. 25ನೇ ತಾರೀಕಾದರೆ ಅದು ದಿನಾಂಕವೇ ಆಗದೆ ಉಳಿದು ಕಣ್ಣಿಗೆ ಬೀಳುತ್ತದೆ. 12ರ ಒಳಗಿನ ತಾರೀಕುಗಳೇ ಕಳ್ಳರು. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ತೀರಿತು.

ಹಾಗಾದರೆ ಏನು ಮಾಡಬೇಕು? ಹೆಸರಿಗೆ ಎಸ್ಸೆಸ್ಸೆಲ್ಸಿ ಪುಸ್ತಕವೊಂದೇ ಆಧಾರ. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ವಿದ್ಯಾರ್ಥಿಯ ಕೈಗೆ ಕೊಡಿ; ಅವಳು ಓದಿ ಸಹಿ ಹಾಕಿದ ಮೇಲೆಯೇ ಕೌಂಟರ್ ಬಿಡಲಿ. ಎರಡು ನಿಮಿಷದ ಕೆಲಸ. ಲೈಬ್ರರಿ, ಹಾಸ್ಟೆಲು, ಪರೀಕ್ಷಾ ವಿಭಾಗ ಎಲ್ಲವೂ ಪ್ರವೇಶ ಸಂಖ್ಯೆ ಹಾಕಿ ಅದೇ ದಾಖಲೆಯನ್ನು ಎತ್ತಿಕೊಳ್ಳಲಿ. ಮತ್ತೆ ಟೈಪ್ ಮಾಡಬೇಡಿ. ದಯವಿಟ್ಟು, ಮತ್ತೆ ಟೈಪ್ ಮಾಡಲೇಬೇಡಿ!

ನಮ್ಮ ಜಿಲ್ಲೆಗೇ ಸಂಬಂಧಿಸಿದ ಒಂದು ಮಾತು. ಮನೆಮಾತು ತುಳು, ಕಲಿತ ಮಾಧ್ಯಮ ಕನ್ನಡ. ಎರಡಕ್ಕೂ ಸೇರಿ ‘ಭಾಷೆ’ ಎಂಬ ಒಂದೇ ಕಾಲಂ ಇಟ್ಟರೆ ಭಾಷಾ ಅಲ್ಪಸಂಖ್ಯಾತರ ಲೆಕ್ಕ ಯಾರಿಗೂ ಸಿಗದು. ಎರಡು ಕಾಲಂ ಮಾಡಿ.

ಹೊತ್ತು ಮೀರುತ್ತಿದೆ, ಉಳಿದದ್ದು ಬೇಗ ಬೇಗ. ಸೊನ್ನೆಯಿಂದ ಶುರುವಾಗುವ ರೋಲ್ ನಂಬರಿದ್ದರೆ ಎಕ್ಸೆಲ್ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ, ಇಲ್ಲವಾದರೆ ಸೊನ್ನೆ ಹಾರಿಹೋಗುತ್ತದೆ. ಪರೀಕ್ಷೆಗೆ ಬಾರದವರಿಗೆ 0 ಹಾಕಬೇಡಿ, ತರಗತಿಯ ಸರಾಸರಿಯೇ ಕುಸಿಯುತ್ತದೆ. ಗೈರು ಎಂದೇ ನಮೂದಿಸಿ. 2010-11ರಿಂದ ಕೇಂದ್ರ ಸರಕಾರ ನಡೆಸುತ್ತಿರುವ ಉನ್ನತ ಶಿಕ್ಷಣ ಸಮೀಕ್ಷೆಗೆ ಅಂಕಿಅಂಶ ಕೊಡುವ ವಾರದಲ್ಲಿ ವಿಭಾಗ ವಿಭಾಗಕ್ಕೆ ಫೋನು ಮಾಡುವ ಪಾಡು ಆಗ ಇರುವುದಿಲ್ಲ.

ಪ್ರಾಂಶುಪಾಲರೇ, ತಪ್ಪು ಕಂಡುಹಿಡಿದು ತಂದವರನ್ನು ಗದರಬೇಡಿ. ಮುಂದಿನ ಸಲ ಅವರು ತಪ್ಪನ್ನು ತೋರಿಸುವುದೇ ಇಲ್ಲ. ತಿಂಗಳಿಗೊಮ್ಮೆ ಇಪ್ಪತ್ತು ದಾಖಲೆ ತೆಗೆದು ಮೂಲ ಕಾಗದದೊಂದಿಗೆ ನೀವೇ ತಾಳೆ ನೋಡಿ, ಜನ್ಮದಿನಾಂಕದ ಕಾಲಂನಿಂದಲೇ ಶುರು ಮಾಡಿ. ನಮಸ್ಕಾರ.