ಶ್ವಾಸಕೋಶದ ರಕ್ತದೊತ್ತಡ: ಗಂಡಿಗೂ ಹೆಣ್ಣಿಗೂ ಚಿಕಿತ್ಸೆ ಒಂದೆಯೇ?

ಕೇಳುಗರಿಗೆ ನಮಸ್ಕಾರ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ.ಯ ಮಾತಲ್ಲ ಇವತ್ತಿನದು. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಯಲ್ಲಿ ಒತ್ತಡ ಏರುವ ಪಲ್ಮನರಿ ಹೈಪರ್‌ಟೆನ್ಷನ್ ಬಗ್ಗೆ. ಅಲ್ಲಿನ ಸರಾಸರಿ ಒತ್ತಡ 20 ಮಿಲಿಮೀಟರ್ ಪಾದರಸ ದಾಟಿದರೆ ಈ ಹೆಸರು. ಖಚಿತವಾಗುವುದು ಬಲ ಹೃದಯಕ್ಕೆ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿ ಅಳೆದಾಗಲೇ. ಇದರಲ್ಲಿ ಹಲವು ಬಗೆ. ಸಣ್ಣ ಅಪಧಮನಿಗಳ ಗೋಡೆಯೇ ದಪ್ಪವಾಗುವ ಬಗೆಯನ್ನಷ್ಟೇ ಇಲ್ಲಿ ಹೇಳುತ್ತೇನೆ.

ಈ ಬಗೆ ಬರುವುದು ಹೆಂಗಸರಿಗೆ ಹೆಚ್ಚು. ಬಂದ ಮೇಲೆ ಬೇಗ ಸೋಲುವವರು ಗಂಡಸರು. ಸೋಲು ಗೆಲುವು ತೀರ್ಮಾನವಾಗುವುದು ಬಲ ಹೃತ್ಕುಕ್ಷಿಯಲ್ಲಿ, ಅಂದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಬಲ ಕೆಳಕೋಣೆಯಲ್ಲಿ. ಅದೇ ಒತ್ತಡದ ಎದುರು ಹೆಣ್ಣಿನ ಬಲ ಹೃತ್ಕುಕ್ಷಿ ಹೆಚ್ಚು ಗಟ್ಟಿಯಾಗಿ ಹಿಂಡುತ್ತದೆ. ಚಿಕಿತ್ಸೆ ಶುರುವಾದ ಮೇಲೂ ಗಂಡಸರಲ್ಲಿ ಅದು ಚೇತರಿಸಿಕೊಳ್ಳುವುದು ಕಡಿಮೆ. ಹಾಗಾಗಿ ಗಂಡಸೊಬ್ಬರು 'ಪರವಾಗಿಲ್ಲ, ಮೊದಲಿಗಿಂತ ಹೆಚ್ಚು ನಡೀತೀನಿ' ಎಂದರೆ ಅಷ್ಟಕ್ಕೇ ಸಮಾಧಾನಪಡಬಾರದು. ಹೃದಯದ ಸ್ಕ್ಯಾನ್ ಆದ ಎಕೋ ಮಾಡಿ ಬಲಭಾಗ ಹಿಗ್ಗಿದೆಯೇ ನೋಡಬೇಕು.

ಔಷಧಿಗೆ ಬರೋಣ. ಬೊಸೆಂಟಾನ್, ಆಂಬ್ರಿಸೆಂಟಾನ್ ಗುಂಪಿನ ಮಾತ್ರೆಗಳಿಂದ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಹೆಂಗಸರಿಗೆ ಹೆಚ್ಚು ಲಾಭ ಕಂಡಿದೆ. ಇನ್ನೊಂದು ಗುಂಪಿನ ಟಡಾಲಫಿಲ್ ಗಂಡಸರಿಗೆ ತುಸು ಚೆನ್ನಾಗಿ ಒಗ್ಗಿದ ಸುಳಿವಿದೆ. ಹಾಗೆಂದು ಇವಳಿಗೆ ಇದು, ಅವನಿಗೆ ಅದು ಎಂದು ಹಂಚುವುದು ನನ್ನ ಮಟ್ಟಿಗೆ ಅವಸರ. ಹೇಗೂ ಬಹುಪಾಲು ರೋಗಿಗಳಿಗೆ ಎರಡೂ ಗುಂಪಿನ ಮಾತ್ರೆಗಳನ್ನು ಒಟ್ಟಿಗೇ ಕೊಡುತ್ತಾರೆ.

ನಿಜವಾದ ವ್ಯತ್ಯಾಸ ಇರುವುದು ಬಸಿರಿನ ವಿಷಯದಲ್ಲಿ. ಈ ಕಾಯಿಲೆಯಲ್ಲಿ ಗರ್ಭ ನಿಂತರೆ ತಾಯಿಯ ಜೀವಕ್ಕೇ ಅಪಾಯ. ಮೇಲಾಗಿ ಬೊಸೆಂಟಾನ್ ಗುಂಪಿನ ಮಾತ್ರೆಗಳೂ ಇದೇ ಕಾಯಿಲೆಗೆ ಕೊಡುವ ರಿಯೋಸಿಗ್ವಾಟ್ ಎಂಬ ಮಾತ್ರೆ ಕೂಡ ಭ್ರೂಣವನ್ನು ಊನಗೊಳಿಸಬಲ್ಲವು. ಗರ್ಭ ಧರಿಸಬಲ್ಲ ವಯಸ್ಸಿನವರು ಇವನ್ನು ಶುರುಮಾಡುವ ಮೊದಲು, ಆಮೇಲೆ ಪ್ರತಿ ತಿಂಗಳು, ನಿಲ್ಲಿಸಿದ ಒಂದು ತಿಂಗಳಿಗೆ ಮತ್ತೊಮ್ಮೆ ಗರ್ಭಪರೀಕ್ಷೆ ಮಾಡಿಸಬೇಕು. ಎಡವುವುದು ಎಲ್ಲಿ ಗೊತ್ತೇ? ಬೊಸೆಂಟಾನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಬೇಗ ಕರಗಿಹೋಗುತ್ತದೆ. ಮಾತ್ರೆ ತಪ್ಪದೆ ನುಂಗಿದವರೂ ಬಸಿರಾಗಬಹುದು. ಅದಕ್ಕೇ ಕಾಂಡೋಮಿನಂಥ ಎರಡನೆಯ ಉಪಾಯ ಜೊತೆಗಿರಲಿ. ಈಸ್ಟ್ರೋಜೆನ್ ಇರುವ ಮಾತ್ರೆ ರಕ್ತ ಹೆಪ್ಪುಗಟ್ಟಿಸುವ ಕಾರಣ ಅದನ್ನು ದೂರವಿಡುವುದೇ ಲೇಸು. ಕಾಪರ್-ಟಿ ಹಾಕಿಸುವುದಾದರೆ ಆಸ್ಪತ್ರೆಯಲ್ಲೇ ಆಗಲಿ. ಹಾಕುವಾಗ ನಾಡಿ ಬಡಿತ ಏಕಾಏಕಿ ಕುಸಿದರೆ ಈ ಹೃದಯ ತಡೆಯಲಾರದು.

ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ಕಬ್ಬಿಣದ ಕೊರತೆ ಸಾಮಾನ್ಯ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ, ಕೊರತೆ ತುಂಬಿದರೆ ಆಯಾಸ ತಗ್ಗಬಹುದು.

ಗಂಡಸರಿಗೂ ಎರಡು ಮಾತು. ಬೊಸೆಂಟಾನ್ ವೀರ್ಯಾಣುಗಳ ಸಂಖ್ಯೆ ತಗ್ಗಿಸಬಹುದು, ಮಗುವಿನ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಇನ್ನೊಂದು, ಸಿಲ್ಡೆನಾಫಿಲ್. ಇಲ್ಲಿ ಅದು 20 ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ ನುಂಗುವ ಔಷಧಿ. ಬೇರೆ ಹೆಸರಿನಲ್ಲಿ ಲೈಂಗಿಕ ಸಮಸ್ಯೆಗೂ ಅದನ್ನೇ ಮಾರುತ್ತಾರೆ, ಮುಜುಗರಕ್ಕೆ ಅದನ್ನು ಯಾರೂ ಬಾಯಿಬಿಡುವುದಿಲ್ಲ. ಎರಡನ್ನೂ ನುಂಗಿದರೆ ಡೋಸು ಮಿತಿಮೀರುತ್ತದೆ. ಅದರ ಮೇಲೆ ಎದೆನೋವೆಂದು ನಾಲಿಗೆ ಕೆಳಗೆ ನೈಟ್ರೇಟ್ ಮಾತ್ರೆ ಇಟ್ಟರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ತುರ್ತು ಚಿಕಿತ್ಸೆಗೆ ಹೋದಾಗ ಬಾಯಿಗೆ ಬರುವ ಮೊದಲ ಮಾತೇ ಸಿಲ್ಡೆನಾಫಿಲ್ ಆಗಿರಲಿ.