ಎರಡನೆಯ ಶನಿವಾರದ ಮಗು: ವಿಚ್ಛೇದನ, ಪಾಲನೆ ಮತ್ತು ಭೇಟಿಯ ಹಕ್ಕಿನ ಕುರಿತು

(ಉಡುಪಿಯಲ್ಲಿ ಪೋಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಬಂಧುಗಳೇ,

ಮಂಗಳೂರು ಮತ್ತು ಉಡುಪಿಯ ನ್ಯಾಯಾಲಯಗಳಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸಿದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿದ ವಾಕ್ಯ ಇದು: "ತಂದೆಯು ಪ್ರತಿ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5 ಗಂಟೆಯವರೆಗೆ ಮಗುವನ್ನು ಭೇಟಿ ಮಾಡತಕ್ಕದ್ದು." ಒಂದು ಮೆಮೊದಿಂದ (ಇಬ್ಬರೂ ಒಪ್ಪಿ ನ್ಯಾಯಾಲಯಕ್ಕೆ ಕೊಡುವ ಒಪ್ಪಂದಪತ್ರ) ಇನ್ನೊಂದಕ್ಕೆ ನಕಲಾಗುತ್ತ ಬಂದಿರುವ ಈ ವಾಕ್ಯವನ್ನು ನಾನೂ ಹಲವು ಬಾರಿ ಟೈಪು ಮಾಡಿಸಿದ್ದೇನೆ. ಈ ಒಂದು ಸಾಲು ಹೇಗೆ ಹುಟ್ಟುತ್ತದೆ, ಅದಕ್ಕಿಂತ ಒಳ್ಳೆಯದನ್ನು ಬರೆಯಲು ಏಕೆ ಸಾಧ್ಯವಿದೆ ಎಂಬುದೇ ಇಂದಿನ ಮಾತಿನ ವಿಷಯ.

ಮೊದಲು ವಿಚ್ಛೇದನದ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಂ ಕ್ರೌರ್ಯ, ವ್ಯಭಿಚಾರ, ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣಗಳನ್ನು ಕೊಡುತ್ತದೆ. ಇವುಗಳಲ್ಲೊಂದನ್ನು ಸಾಕ್ಷ್ಯದಿಂದ ಸಾಬೀತು ಮಾಡಬೇಕು. "ನಮಗೆ ಹೊಂದಾಣಿಕೆ ಇಲ್ಲ" ಎಂಬುದು ಆ ಪಟ್ಟಿಯಲ್ಲಿಲ್ಲ. ಮದುವೆ ಮತ್ತೆ ಕೂಡದಷ್ಟು ಮುರಿದಿದೆ ಎಂಬ ಕಾರಣಕ್ಕೆ ವಿಚ್ಛೇದನ ನೀಡುವ ಅಧಿಕಾರವನ್ನು ಸುಪ್ರೀಂ ಕೋರ್ಟು ಸಂವಿಧಾನದ 142ನೆಯ ವಿಧಿಯಡಿ ತನಗುಂಟೆಂದು 2023ರಲ್ಲಿ ಹೇಳಿತೇ ಹೊರತು ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಇಬ್ಬರೂ ಒಪ್ಪಿದರೆ ಇರುವ ದಾರಿ 13ಬಿ ಕಲಂ, ಅಂದರೆ ನಮ್ಮಲ್ಲಿ ಎಲ್ಲರೂ "ಮ್ಯೂಚುವಲ್" ಎನ್ನುವಂಥದ್ದು. ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಆದರೆ ಮನ್ನಾ ಕೇಳುವವರು ಜೀವನಾಂಶ, ಮಕ್ಕಳ ಪಾಲನೆ ಇತ್ಯಾದಿಗಳನ್ನೆಲ್ಲ ಮೊದಲೇ ಇತ್ಯರ್ಥ ಮಾಡಿಕೊಂಡಿರಬೇಕು. ಬೇಗ ಮುಗಿಯಲಿ ಎಂಬ ಆತುರದಲ್ಲಿ ಹಣದ ಮೊತ್ತಕ್ಕೆ ಹತ್ತು ಬಾರಿ ಚೌಕಾಸಿ ನಡೆದು, ಮಗುವಿನ ವಿಷಯಕ್ಕೆ ಬರುವಾಗ ಸಂಜೆಯಾಗಿರುತ್ತದೆ. ಆಗ ಯಾರೋ "ಎರಡನೆಯ, ನಾಲ್ಕನೆಯ ಶನಿವಾರ ಹಾಕಿ ಸರ್" ಎನ್ನುತ್ತಾರೆ. ಆ ವಾಕ್ಯ ಹುಟ್ಟುವುದು ಹೀಗೆ.

ಈ ಜಿಲ್ಲೆಗಳಲ್ಲಿ ಕ್ರೈಸ್ತ ಬಾಂಧವರ ಸಂಖ್ಯೆ ದೊಡ್ಡದಿರುವುದರಿಂದ ಒಂದು ಮಾತು. ಅವರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಪರಸ್ಪರ ಒಪ್ಪಿಗೆಯ 10ಎ ಕಲಂ ಅದರಲ್ಲಿ ಸೇರಿದ್ದು 2001ರಲ್ಲಿ. ಚರ್ಚಿನ ನ್ಯಾಯಮಂಡಳಿ ಮದುವೆಯನ್ನು ಅಸಿಂಧುವೆಂದು ಘೋಷಿಸಿದರೆ ಅದು ಧಾರ್ಮಿಕವಾಗಿ ಮಾತ್ರ ಸರಿ. ಅದಕ್ಕೆ ಕಾನೂನಿನ ಮಾನ್ಯತೆ ಬೇಕೆಂದು ನಮ್ಮ ಮಂಗಳೂರಿನಿಂದಲೇ ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ವಜಾ ಮಾಡಿತು. ಆದ್ದರಿಂದ ಚರ್ಚಿನ ಪತ್ರವೊಂದನ್ನೇ ನಂಬಿ ಮರುಮದುವೆಗೆ ಹೊರಡಬಾರದು. ಮುಸ್ಲಿಂ ಮಹಿಳೆಯರಿಗೆ ನ್ಯಾಯಾಲಯದ ಮೂಲಕ ವಿಚ್ಛೇದನ ಪಡೆಯುವ ಹಕ್ಕನ್ನು 1939ರ ಕಾಯ್ದೆ ಕೊಟ್ಟಿದೆ.

ಇನ್ನು ಪಾಲನೆ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿಯ, ಊರಿನಲ್ಲಿ ನಿಂತು ಇದನ್ನು ಮಾತನಾಡುವಾಗ ನನಗೆ ಯಾವಾಗಲೂ ಒಂದು ಬಗೆಯ ಸೋಜಿಗ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಅದೇ ಮನೆತನಗಳ ಮೊಮ್ಮಕ್ಕಳು ಇಂದು "ಕಾನೂನಿನಲ್ಲಿ ಮಗು ತಂದೆಯದ್ದಲ್ಲವೇ?" ಎಂದು ಕೇಳುತ್ತ ನನ್ನ ಕಚೇರಿಗೆ ಬರುತ್ತಾರೆ. ಕಾನೂನಿನಲ್ಲಿ ಮಗು ಯಾರದ್ದೂ ಅಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೆಯ ಕಲಂ ಸಹಜ ಪಾಲಕರು ತಂದೆ, ಅವನ ಬಳಿಕ ತಾಯಿ ಎನ್ನುತ್ತದೆ, ನಿಜ. ಆದರೆ "ಬಳಿಕ" ಎಂದರೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ಮಗುವಿನ ಹೊಣೆಯಲ್ಲಿ ಅವನು ಇಲ್ಲದಿರುವಾಗ ಎಂದೂ ಅರ್ಥ ಎಂಬುದನ್ನು ಗೀತಾ ಹರಿಹರನ್ ಪ್ರಕರಣ 1999ರಲ್ಲಿ ಸ್ಪಷ್ಟಪಡಿಸಿತು. ಅದೇ ಕಾಯ್ದೆಯ 13ನೆಯ ಕಲಂ ಮಗುವಿನ ಕ್ಷೇಮವೇ ಪರಮ ಎಂದು ಹೇಳಿ ಉಳಿದೆಲ್ಲವನ್ನೂ ಅದರ ಕೆಳಗೆ ಇಡುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ನಿಯಮವಿದೆ. ಅದನ್ನು ತಿರುಚಿ, ಐದು ತುಂಬಿದ ಮರುದಿನ ಮಗು ತಂದೆಗೆ ಹೋಗುತ್ತದೆಂದು ಹೆದರಿಸುವವರಿದ್ದಾರೆ. ಹಾಗೇನೂ ಇಲ್ಲ. ಯಾರ ಸಂಬಳ ದೊಡ್ಡದು ಎಂಬುದರ ಮೇಲೂ ಪಾಲನೆ ನಿರ್ಧಾರವಾಗುವುದಿಲ್ಲ. ಶಾಲೆಗೆ ಬಿಡುವವರು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಮಲಗುವವರು ಯಾರು ಎಂಬುದನ್ನು ನ್ಯಾಯಾಧೀಶರು ಕೇಳುತ್ತಾರೆ. ತಿಳಿವಳಿಕೆ ಬಂದ ಮಗುವಾದರೆ ತಮ್ಮ ಕೊಠಡಿಗೆ ಕರೆದು ಅದನ್ನೇ ಮಾತನಾಡಿಸುತ್ತಾರೆ. ಹಾಗೆ ಕರೆಯುವ ದಿನ ಮಗುವಿಗೆ ಉತ್ತರ ಕಂಠಪಾಠ ಮಾಡಿಸಿ ತರಬೇಡಿ. ಎರಡು ನಿಮಿಷದಲ್ಲಿ ಅವರಿಗೆ ತಿಳಿಯುತ್ತದೆ.

ಶನಿವಾರಕ್ಕೆ ಮರಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಕರಣ ಹೇಳುತ್ತೇನೆ. ತಂದೆ ಕುವೈತಿನಲ್ಲಿ ಉದ್ಯೋಗಿ, ವರ್ಷಕ್ಕೆ ನಲವತ್ತು ದಿನ ರಜೆ; ತಾಯಿ ಮತ್ತು ಆರು ವರ್ಷದ ಮಗಳು ಇಲ್ಲಿಯೇ. ಒಪ್ಪಂದ ಬರೆದ ದಿನ ಅವನು ಊರಿನಲ್ಲಿದ್ದುದರಿಂದ ಶನಿವಾರದ ಸಾಲು ಯಾರಿಗೂ ತಪ್ಪೆನಿಸಲಿಲ್ಲ. ಮರುವರ್ಷ ರಜೆಯಲ್ಲಿ ಬಂದಾಗ ಆ ನಲವತ್ತು ದಿನಗಳಲ್ಲಿ ಸಿಕ್ಕಿದ್ದು ಮೂರು ಶನಿವಾರ. ಒಂದು ದಿನ ಶಾಲೆಯಲ್ಲಿ ಪರೀಕ್ಷೆ. ಉಳಿದ ಎರಡರಲ್ಲಿ ಮೊದಲನೆಯ ಭೇಟಿ ಹೆಣ್ಣಿನ ಮನೆಯ ಜಗಲಿಯಲ್ಲಿ, ಮಾವ ಪತ್ರಿಕೆ ಓದುತ್ತ ಎದುರಿಗೇ ಕುಳಿತಿರುವಾಗ ನಡೆಯಿತು. ಅವನು ತಂದಿದ್ದ ಶೂ ಕಳೆದ ವರ್ಷದ ಕಾಲಿನ ಅಳತೆಯದ್ದು. ಮಗಳು ಅದನ್ನು ಅರ್ಧ ಪಾದಕ್ಕೆ ತೂರಿಸಿಕೊಂಡು ಜಗಲಿಯ ತುಂಬ ನಡೆದಳಂತೆ. ಮೆಮೊ ಬರೆದವನು ನಾನೇ ಆದ್ದರಿಂದ ಅವನು ನನ್ನ ಬಳಿ ಬಂದು ಯಾರನ್ನೂ ದೂರಲಿಲ್ಲ, "ಇದನ್ನು ಬದಲಿಸಲು ಆಗುತ್ತದೆಯೇ ಸರ್?" ಎಂದಷ್ಟೇ ಕೇಳಿದ.

ಆಗುತ್ತದೆ. ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಂ ಪ್ರಕಾರ ಡಿಕ್ರಿಯ (ನ್ಯಾಯಾಲಯದ ಅಂತಿಮ ತೀರ್ಪಿನ ಆದೇಶ) ನಂತರವೂ ಮಕ್ಕಳ ಕುರಿತ ಆದೇಶವನ್ನು ಬದಲಿಸಬಹುದು. ಪಾಲನೆಯ ಆದೇಶ ಎಂದಿಗೂ ಕಲ್ಲಿನ ಶಾಸನವಲ್ಲ. ತಾಯಿಯೂ ಒಪ್ಪಿದರು. ನಿಜ ಹೇಳಬೇಕೆಂದರೆ ಆಕೆಗೂ ಆ ಸಾಲಿನಿಂದ ಸುಖವಿರಲಿಲ್ಲ, ಏಕೆಂದರೆ ಅವನು ಬರಲಿ ಬಿಡಲಿ ಪ್ರತಿ ಎರಡನೆಯ ಶನಿವಾರ ಮನೆಯಲ್ಲಿ ಕಾಯಬೇಕಿತ್ತು. ಈ ಬಾರಿ ನಾವು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಬರೆದೆವು. ತಂದೆ ರಜೆಯ ದಿನಾಂಕವನ್ನು ಒಂದು ತಿಂಗಳು ಮೊದಲು ತಿಳಿಸಬೇಕು. ಆ ರಜೆಯಲ್ಲಿ ವಾರಕ್ಕೆ ಮೂರು ದಿನ ಮಗು ಅವನ ಮನೆಯಲ್ಲಿ. ಬೇಸಿಗೆ ರಜೆಯ ಒಂದು ಭಾಗ ಅಜ್ಜ ಅಜ್ಜಿಯ ಬಳಿ, ತಂದೆ ಊರಿನಲ್ಲಿಲ್ಲದಿದ್ದರೂ. ತರವಾಡು ಮನೆಯ (ಕುಟುಂಬದ ಮೂಲಮನೆ) ನೇಮದ, ಅಂದರೆ ದೈವಾರಾಧನೆಯ, ದಿನ ತಂದೆಯ ಕಡೆ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಹಬ್ಬಕ್ಕೆ ತಾಯಿಯ ಕಡೆ. ಮಗುವನ್ನು ಒಪ್ಪಿಸುವ ಸ್ಥಳ ಮಂಗಳೂರಿನ ಕದ್ರಿ ಪಾರ್ಕಿನ ದ್ವಾರ. ಯಾರ ಮನೆಯ ಜಗಲಿಯೂ ಅಲ್ಲ, ಪೊಲೀಸ್ ಠಾಣೆಯಂತೂ ಅಲ್ಲವೇ ಅಲ್ಲ. ಮಳೆಗೆ ಜಿಲ್ಲಾಧಿಕಾರಿ ರಜೆ ಸಾರಿದರೆ ಏನೆಂಬುದನ್ನೂ ಬರೆದೆವು. ಜುಲೈ ತಿಂಗಳಲ್ಲಿ ಅದು ಸಣ್ಣ ವಿಷಯವಲ್ಲ.

ವೀಡಿಯೊ ಕರೆಯ ಸಮಯಕ್ಕೇ ಅರ್ಧ ಗಂಟೆ ಹಿಡಿಯಿತು. ಕೆಲಸ ಮುಗಿಸಿ ಅವನು ರಾತ್ರಿ 8ಕ್ಕೆ ಕರೆ ಮಾಡಿದರೆ ಇಲ್ಲಿ ಹತ್ತೂವರೆ, ಮಗು ನಿದ್ದೆಯಲ್ಲಿರುತ್ತದೆ. ಕೊನೆಗೆ ಅವನ ಊಟದ ವಿರಾಮಕ್ಕೂ ಮಗು ಶಾಲೆಯಿಂದ ಬಂದು ತಿಂಡಿ ತಿನ್ನುವುದಕ್ಕೂ ತಾಳೆಯಾಯಿತು. ಪಾಲನೆ ಸಿಗದ ಪೋಷಕರಿಗೆ ಭೇಟಿಯ ಹಕ್ಕಿನ ಜೊತೆಗೆ ಫೋನು, ವೀಡಿಯೊ ಮೂಲಕ ಸಂಪರ್ಕದ ಹಕ್ಕೂ ಇರಬೇಕೆಂದು ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಮಗುವಿನ ಪಾಸ್‌ಪೋರ್ಟು ಯಾರ ಬಳಿ ಇರಬೇಕು, ವಿದೇಶಕ್ಕೆ ಕರೆದೊಯ್ಯಲು ಯಾರ ಲಿಖಿತ ಒಪ್ಪಿಗೆ ಬೇಕು ಎಂಬುದನ್ನೂ ಬರೆಯಲೇಬೇಕು. ಗಡಿ ದಾಟಿಸಿದ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲದಿರುವುದರಿಂದ, ಗಲ್ಫಿನ ನಂಟಿರುವ ನಮ್ಮಂಥ ಜಿಲ್ಲೆಗಳಿಗೆ ಇದು ಮುಖ್ಯ.

"ಜೀವನಾಂಶ ಕೊಡದಿದ್ದರೆ ಮಗುವನ್ನು ತೋರಿಸುವುದಿಲ್ಲ", "ಮಗುವನ್ನು ತೋರಿಸದಿದ್ದರೆ ಜೀವನಾಂಶ ಕೊಡುವುದಿಲ್ಲ" ಎಂಬ ಎರಡೂ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಬಾಕಿಯಾದ ಹಣಕ್ಕೆ ವಸೂಲಿ ಅರ್ಜಿ ಇದೆ, ತಪ್ಪಿದ ಭೇಟಿಗೆ ಬೇರೆ ಅರ್ಜಿ ಇದೆ. ಮಗುವಿನ ಶಾಲಾ ಶುಲ್ಕ ಈ ಎರಡರ ನಡುವಿನ ಒತ್ತೆಯಾಳಲ್ಲ.

ಖರ್ಚಿನ ಭಯವಿರುವವರಿಗೆ ಒಂದು ಮಾಹಿತಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಇನ್ನು ಪ್ರಶ್ನೆಗಳಿಗೆ ಅವಕಾಶವಿದೆ. ನಿಮ್ಮ ಮನೆಯ ವಿಷಯವನ್ನು ಈ ಸಭೆಯಲ್ಲಿ ಎದ್ದು ನಿಂತು ಕೇಳಬೇಡಿ. ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಕೊಡಿ, ಓದಿ ಉತ್ತರಿಸುತ್ತೇನೆ.